ತಂಬಾಕಿಲ್ಲದ ಬೀಡಿ

ಭಾನುವಾರಗಳಂದು ಭದ್ರಾವತಿಗೆ ಹೋಗಿ ಒಬ್ಬ ಹೆಂಗಸಿಗೆ ಅಲಂಕಾರ ಹೇಳಿಕೊಡಬೇಕು ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಶಿವಮೊಗ್ಗದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಕನ್ನಡದ ಉಪಾಧ್ಯಾಯಿನಿ ನಾನು. ವಾರವೆಲ್ಲ ಉಪಮೆ ರೂಪಕಗಳ ಜೊತೆಯೇ ಏಗುವುದು. ಭಾನುವಾರವೂ ಅದೇ ಆದರೆ ತಲೆಗೆ ಎಣ್ಣೆ ಇಟ್ಟುಕೊಳ್ಳುವುದು ಯಾವಾಗ?

"ಅವಳಿಗೆ ಬೇರೆ ಕೆಲ್ಸ ಇಲ್ವಾ?" ಎಂದೆ.

"ಇಲ್ದೇ ಇರೋದೇ ಕಷ್ಟ ಆಗಿರೋದು, ಮಾರಾಯ್ತಿ," ಎಂದರು ಹೆಡ್‌ಮಿಸ್ಟ್ರೆಸ್. "ಕೂತ್ಕೋ, ಹೇಳ್ತೀನಿ."

ಆಕೆಯ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ಜ್ವರದಲ್ಲಿ ತೀರಿಕೊಂಡಿದ್ದ. ಒಬ್ಬಳು ಮಗಳು. ಸಾಬರ ಮನೆ, ಆದರೆ ಆಕೆ ಹಳ್ಳಿಯ ಕನ್ನಡ ಸ್ಕೂಲಿನಲ್ಲಿ ಓದಿದವಳು. ಭದ್ರಾವತಿಯ ಓಲ್ಡ್ ಟೌನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಉಪಾಧ್ಯಾಯಿನಿಯ ಜಾಗ ಖಾಲಿ ಇತ್ತು. ಲೋವರ್ ಸೆಕೆಂಡರಿ ಪಾಸು ಮಾಡಿದರೆ ಆ ಜಾಗ ಆಕೆಗೇ ಎಂದು ಇನ್‌ಸ್ಪೆಕ್ಟ್ರೆಸ್ ಬಾಯಿಬಿಟ್ಟು ಹೇಳಿದ್ದರು. ಉಳಿದ ವಿಷಯಗಳೆಲ್ಲ ದಾಟಿ ಕನ್ನಡದಲ್ಲಿ ಮಾತ್ರ ಬಿದ್ದಿದ್ದಳು, ಅದೂ ಅಲಂಕಾರದ ಪ್ರಶ್ನೆಯ ಅಂಕ ಸಾಲದೆ. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ, ಈ ಸಲದ ಫಲಿತಾಂಶ ಬರುವವರೆಗೆ ಲೈನ್ ಮನೆಯಲ್ಲಿ ಇರಲು ಬಿಟ್ಟಿದ್ದರು. ಈ ಸಲವೂ ಬಿದ್ದರೆ ತುಮಕೂರಿನಲ್ಲಿ ಅವಳ ಮಾಮು, ಅಂದರೆ ಸೋದರಮಾವನ ಮನೆ. ಅಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುತ್ತಾರೆ. ಹೆಣ್ಣುಮಕ್ಕಳ ಬೆರಳು ಸಣ್ಣವು, ಬೀಡಿಗೆ ಒಳ್ಳೆಯವು ಎಂದು ಅವರನ್ನೂ ಕೂರಿಸುತ್ತಾರೆ. ಅಂದರೆ ಆ ಮಗಳ ಓದು ಅಲ್ಲಿಗೆ ಮುಗಿಯಿತು.

"ಹೋಗ್ತೀನಿ," ಎಂದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಯಾರ ಮೇಲೆ ಎಂಬುದು ಬದಲಾಗಿತ್ತು.

ಲೈನ್ ಮನೆ ಹೊಳೆಯ ಕಡೆಗಿತ್ತು. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ಭದ್ರೆಗೆ. ಹಿತ್ತಿಲಿನಲ್ಲಿ ನಿಂತರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಾರ್ಖಾನೆಯ ಹೊಗೆ. ಆಕೆ ನನಗಿಂತ ಚಿಕ್ಕವಳು, ತೆಳ್ಳಗೆ, ಮಾತು ಮೆಲ್ಲಗೆ. ನನ್ನನ್ನು ಉಸ್ತಾನಿ ಎಂದಳು; ಅವರ ಮನೆಮಾತಿನಲ್ಲಿ ಪಾಠ ಹೇಳುವವಳು ಎಂದು. ನಾನು ಆಕೆಯನ್ನು ತಂಗಿ ಎಂದೆ. ಮನೆಗೆ ಬಂದ ಮೇಲೆ ನಮ್ಮಮ್ಮ ಕೇಳಿದ ಮೊದಲನೆಯ ಪ್ರಶ್ನೆ, "ಅಲ್ಲಿ ನೀರು ಕುಡಿದ್ಯಾ?" ಎಂದು.

"ಕುಡಿದೆ. ಮುಂದಿನ ವಾರ ಊಟಾನೂ ಮಾಡ್ತೀನಿ," ಎಂದೆ. ಅಮ್ಮ ಬಚ್ಚಲ ಒಲೆಗೆ ಸೌದೆ ತುಂಬಿದಳು. ನಾನೂ ಸ್ನಾನ ಮಾಡಿದೆ, ಮೈಲಿಗೆ ಎಂದಲ್ಲ. ಸೆಕೆ ಇತ್ತು.

ಪಾಠ ಶುರು ಮಾಡಿದ್ದು ಸ್ಕೂಲಿನ ಪದ್ಧತಿಯಲ್ಲೇ. ಅಲಂಕಾರದ ಪ್ರಶ್ನೆ ಯಾವಾಗಲೂ ಒಂದೇ ಅಚ್ಚಿನದು: ಬೆಟ್ಟ, ಹೊಳೆ, ಮಳೆ, ಸಂಜೆ ಇಂಥ ಯಾವುದಾದರೂ ವರ್ಣನೆಯ ನಾಲ್ಕಾರು ವಾಕ್ಯ ಕೊಡುತ್ತಾರೆ. ಅದರಲ್ಲಿರುವ ಅಲಂಕಾರವನ್ನು ಗುರುತಿಸಬೇಕು, ಲಕ್ಷಣ ಬರೆಯಬೇಕು, ಆ ಲಕ್ಷಣ ಈ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಎಂದು ಸಮನ್ವಯ ಮಾಡಬೇಕು. ಯಾವುದನ್ನು ವರ್ಣಿಸುತ್ತೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ಎರಡನ್ನೂ ಹಿಡಿದು ಕಟ್ಟುವುದು 'ಅಂತೆ', 'ಹಾಗೆ' ಎಂಬ ಮಾತು. ಕಟ್ಟುವ ಮಾತು ಕಂಡರೆ ಉಪಮೆ ಎಂದು ಬರೆ, ಕಾಣದಿದ್ದರೆ ರೂಪಕ ಎಂದು ಬರೆ. ನಮ್ಮ ಸ್ಕೂಲಿನ ಹುಡುಗಿಯರು ಕಣ್ಣು ಮುಚ್ಚಿಕೊಂಡು ಇಷ್ಟರಲ್ಲೇ ಪಾಸಾಗುತ್ತಿದ್ದರು.

ಇವಳಿಗೆ ಅದು ಹತ್ತಲಿಲ್ಲ. 'ಹೊಸ ಪೈರು ಹಸಿರು ರತ್ನಗಂಬಳಿಯಂತೆ ಹರಡಿತ್ತು' ಎಂದರೆ ಉಪಮೆ ಎಂದಳು. 'ಮಳೆ ನಿಂತ ಮೇಲೆ ಗದ್ದೆಗಳು ಕನ್ನಡಿಗಳಾದವು' ಎಂದರೂ ಉಪಮೆ ಎಂದಳು. ಎಲ್ಲ ಕಾಯಿಲೆಗೂ ಒಂದೇ ಕಷಾಯ. 'ಗಾಳಿಗೆ ಬಿದಿರು ನರಳಿತು' ಎಂಬ ವಾಕ್ಯಕ್ಕೆ ಸ್ಲೇಟನ್ನೇ ಕೆಳಗಿಟ್ಟಳು.

"ಯಾಕೆ?" ಎಂದೆ.

"ಇದರಲ್ಲಿ ಏನೂ ಇಲ್ಲ, ಉಸ್ತಾನಿ. ಬಿದಿರು ನರಳ್ತದೆ. ನಮ್ಮೂರಲ್ಲಿ ಮೆಳೆ ಹಿಂದೇನೇ ನಮ್ಮನೆ ಇತ್ತು. ಗಾಳಿ ಬಂದ್ರೆ ನಿದ್ದೆ ಬರ್ತಿರ್ಲಿಲ್ಲ."

ನಕ್ಕುಬಿಟ್ಟೆ. ಮೆಳೆಯಲ್ಲಿ ಬಿದಿರಿಗೆ ಬಿದಿರು ಉಜ್ಜಿದಾಗ ಬರುವ ಸದ್ದು ನಾನೂ ಕೇಳಿದ್ದೆ. ಅದಕ್ಕೆ ನರಳುವುದು ಎನ್ನದೆ ಇನ್ನೇನೂ ಅನ್ನುವಂತಿಲ್ಲ.

ಮಳೆಗಾಲವಿಡೀ ಹೀಗೇ ಹೋಯಿತು. ಲಕ್ಷಣಗಳನ್ನು ಪಾರಾಯಣದ ಹಾಗೆ ಒಪ್ಪಿಸುತ್ತಿದ್ದಳು, ಒಂದಕ್ಷರ ಬಿಡದೆ. ವಾಕ್ಯ ಕೊಟ್ಟರೆ ಮುಗ್ಗರಿಸುತ್ತಿದ್ದಳು. ಒಂದು ಭಾನುವಾರ ನಾನು ಸೋತು, "ನಿಂಗೆ ಇದು ಆಗೋದಲ್ಲ ತಂಗಿ," ಎಂದುಬಿಟ್ಟೆ. ಅವಳು ಅಳಲಿಲ್ಲ. ಮಗಳ ಕಡೆ ನೋಡಿದಳು. ಮಗಳು ಹೊಸ್ತಿಲ ಮೇಲೆ ಕೂತು ಕಲ್ಲಾಟ ಆಡುತ್ತಿತ್ತು, ಬೆರಳುಗಳು ಚುರುಕಾಗಿದ್ದವು. ನನಗೆ ಎದ್ದು ಹೋಗಲು ಆಗಲಿಲ್ಲ.

ಆವತ್ತು ರೈಲಿನಲ್ಲಿ ಬರುವಾಗ ನಿರ್ಧಾರ ಮಾಡಿದೆ. ಪುಸ್ತಕ ಮುಚ್ಚಿಬಿಡುವುದು. ಕಟ್ಟುವ ಮಾತನ್ನು ಹುಡುಕುವ ಪದ್ಧತಿಯನ್ನೇ ಬಿಡುವುದು. ವಾಕ್ಯ ಯಾವ ವಸ್ತುವಿನ ಮೇಲಿದೆಯೋ ಆ ವಸ್ತುವನ್ನು ಹೋಗಿ ನೋಡುವುದು. ಕಂಡದ್ದೆಷ್ಟು, ಬರೆದವರು ಕೂಡಿಸಿದ್ದೆಷ್ಟು ಎಂದು ಬೇರ್ಪಡಿಸುವುದು. ಹೆಡ್‌ಮಿಸ್ಟ್ರೆಸ್ ಇದನ್ನು ಕೇಳಿ, "ಪರೀಕ್ಷೆ ಹತ್ರ ಬಂದಾಗ ನಿಂಗೆ ಹುಚ್ಚಾ?" ಎಂದರು. ಇರಬಹುದು ಎಂದೆ.

ಮುಂದಿನ ಭಾನುವಾರ ಅವಳು ಬುರ್ಖಾ ಹಾಕಿಕೊಂಡಳು, ಮಗಳು ಮುಂದೆ ಓಡಿತು, ನಾನು ಕೊಡೆ ಹಿಡಿದೆ. ಹೊಳೆಯ ದಂಡೆಗೆ ಹೋಗಿ ಕೂತೆವು. 'ಭದ್ರೆ ಹಾವಿನಂತೆ ಹರಿದಳು' ಎಂದು ನಾನೇ ಒಂದು ವಾಕ್ಯ ಮಾಡಿ ಹೇಳಿದೆ.

"ಏನು ಕಾಣ್ತದೆ?"

"ಹೊಳೆ. ಸೊಟ್ಟಗೆ ಹೋಗ್ತದೆ."

"ಹಾವು ಎಲ್ಲಿದೆ?"

"ಇಲ್ಲ. ತಂದು ಇಟ್ಟಿದ್ದಾರೆ." ಸ್ವಲ್ಪ ಹೊತ್ತು ನೀರು ನೋಡಿದಳು. ಆಮೇಲೆ ಬುರ್ಖಾದ ಒಳಗಿನಿಂದ ಎರಡು ಕೈ ಹೊರಗೆ ಬಂದವು. ಎಡಗೈ ಬೆರಳುಗಳ ನಡುವೆ ಏನನ್ನೋ ಇಟ್ಟು ಬಲಗೈಯಿಂದ ಸುತ್ತುವಂತೆ ಮಾಡಿದಳು. "ಬೀಡಿ, ಉಸ್ತಾನಿ."

ಅರ್ಥವಾಗಲಿಲ್ಲ ಎಂದೆ.

"ಹೊಳೆ ತಂಬಾಕು. ಹಾವು ಎಲೆ. ಅಂತೆ ಅನ್ನೋದು ದಾರ. ಮೂರೂ ಇದ್ರೆ ಉಪಮೆ." ಅವಳ ದನಿ ಏರಿತು. "ದಾರ ಕಟ್ಟದೆ ಸುತ್ತಿ ಹಾಗೇ ಒತ್ತಿಬಿಟ್ರೆ? ಹೊಳೆಯೇ ಹಾವು ಅಂದ್ರೆ? ಅದು ರೂಪಕ."

"ತಂಬಾಕೇ ಹಾಕದೆ ಬರೀ ಎಲೆ ಸುತ್ತಿ ಬೀಡಿ ಅಂತ ಕೈಗೆ ಕೊಟ್ರೆ?" ಎಂದೆ.

"ಹಾವೊಂದು ಬಯಲಲ್ಲಿ ಹರೀತು ಅಂದು ಹೊಳೆ ಹೆಸ್ರೇ ಎತ್ತದೆ ಇರೋದು," ಎಂದಳು. "ಇದ್ದದ್ದನ್ನ ನುಂಗಿ ಇಲ್ಲದ್ದನ್ನೇ ಹೇಳೋದು. ಅತಿಶಯೋಕ್ತಿ."

"ಎಲೇನೂ ಇಲ್ಲ, ದಾರಾನೂ ಇಲ್ಲ. ತಂಬಾಕು ತಂದು ಅಂಗೈ ಮೇಲೆ ಇಟ್ರೆ?"

ಇದಕ್ಕೆ ಅವಳು ತಡಮಾಡಿದಳು. ಸ್ವಭಾವೋಕ್ತಿ ಎಂಬುದು ಪುಸ್ತಕದ ಕೊನೆಯಲ್ಲಿ ಬರುವ ಅಲಂಕಾರ. ಇದ್ದದ್ದನ್ನು ಇದ್ದ ಹಾಗೆಯೇ, ಆದರೆ ಕಣ್ಣಿಗೆ ಕಟ್ಟುವಂತೆ ಹೇಳುವುದು ಅದು. ಅದು ಅಲಂಕಾರವೇ ಅಲ್ಲ ಎಂದು ಜಗಳವಾಡುವ ಪಂಡಿತರೂ ಇದ್ದಾರೆ.

"ಸ್ವಭಾವೋಕ್ತಿ," ಎಂದಳು. "ಬಿದಿರು ನರಳೋದು."

ಚಳಿಗಾಲವೆಲ್ಲ ಬೀಡಿಯ ಲೆಕ್ಕದಲ್ಲೇ ಪಾಠ ನಡೆಯಿತು. ಯಾವ ವಾಕ್ಯ ಕೊಟ್ಟರೂ ಮೊದಲು ಕೇಳುತ್ತಿದ್ದುದು, ತಂಬಾಕಿದೆಯೋ ಇಲ್ಲವೋ ಎಂದು. ಆಮೇಲೆ ಎಲೆ, ಆಮೇಲೆ ದಾರ. ತಪ್ಪುವುದು ನಿಂತೇಹೋಯಿತು. ಶಿವಮೊಗ್ಗದ ನನ್ನ ಕ್ಲಾಸಿನಲ್ಲೂ ಒಂದು ಸಲ ಬೀಡಿ ಎಂದು ಬಾಯಿ ತಪ್ಪಿ ಬಂದು, ಹುಡುಗಿಯರು ಡೆಸ್ಕಿನ ಮೇಲೆ ತಲೆಯಿಟ್ಟು ನಕ್ಕರು. ನಾನು ಭಾನುವಾರಕ್ಕೆ ಕಾಯತೊಡಗಿದ್ದೆ. ಮಗಳಿಗೆ ಗಾಂಧಿ ಬಜಾರಿನಿಂದ ಒಂದು ಹೊಸ ಸ್ಲೇಟು ಒಯ್ದು ಕೊಟ್ಟೆ. ಓಲ್ಡ್ ಟೌನಿನ ಶಾಲೆಗೂ ಮೂವರೂ ಹೋಗಿ ಬಂದೆವು. ಎರಡನೆಯ ಕೋಣೆಗೆ ಬೀಗ ಹಾಕಿತ್ತು. ಅವಳು ಕಿಟಕಿಯ ಸರಳು ಹಿಡಿದು ಒಳಗೆ ನೋಡಿದಳು. "ಹಲಗೆ ಸ್ವಲ್ಪ ಎತ್ತರದಲ್ಲಿದೆ. ನಂಗೆ ಸ್ಟೂಲು ಬೇಕಾಗ್ತದೆ," ಎಂದಳು.

ಪರೀಕ್ಷೆ ಶಿವಮೊಗ್ಗದಲ್ಲಿ. ಕನ್ನಡದ ದಿನ ನಾನು ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕಾದಿದ್ದೆ. ಹೊರಗೆ ಬರುವಾಗ ಅವಳ ನಡಿಗೆಯೇ ಬೇರೆ ಇತ್ತು. ಮುಖದ ಮೇಲಿನ ಪರದೆ ಸರಿಸಿ ನಕ್ಕಳು.

"ಸುಲಭ ಇತ್ತು ಉಸ್ತಾನಿ. ಸಂಜೆ ವರ್ಣನೆ ಕೊಟ್ಟಿದ್ರು." ಪ್ರಶ್ನೆಪತ್ರಿಕೆ ತೆಗೆದು ಓದಿದಳು: 'ಸೂರ್ಯನು ಮುಳುಗಿದನು. ಆದರೂ ಕತ್ತಲೆ ಬರಲಿಲ್ಲ. ಆಕಾಶಕ್ಕೆ ಬೆಂಕಿ ಹತ್ತಿತು. ಹೊಳೆಯ ದಂಡೆಯಲ್ಲಿ ಕೆಂಡ ಹರಿಯಿತು.'

"ಏನು ಬರೆದೆ?"

"ಸ್ವಭಾವೋಕ್ತಿ."

ನಾನು ಮರಕ್ಕೆ ಒರಗಿ ನಿಂತೆ. ಅವಳು ಇನ್ನೂ ಖುಷಿಯಲ್ಲೇ ಹೇಳುತ್ತಿದ್ದಳು: ಲಕ್ಷಣ ಪೂರ್ತಿ ಬರೆದಿದ್ದಳು. ಸಮನ್ವಯದಲ್ಲಿ, ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿದ ಮೇಲೆ ಉಳಿಯುವ, ಇನ್ನೂ ಕೆಂಪಗೆ ಕಾದಿರುವ ಕಿಟ್ಟವನ್ನು ಸಂಜೆ ಹಳಿಯ ಬಂಡಿಯಲ್ಲಿ ತಂದು ಹೊಳೆಯ ದಂಡೆಗೆ ಸುರಿಯುವುದನ್ನೂ, ಆಗ ಆಕಾಶವೆಲ್ಲ ಉರಿಯುವುದನ್ನೂ, ಕೆಂಡ ದಂಡೆಯಿಳಿದು ನೀರಿಗೆ ಮುಟ್ಟಿ ಚುಂಯ್ ಎನ್ನುವುದನ್ನೂ ಬರೆದಿದ್ದಳು. ಆ ಬೆಳಕಿನಲ್ಲಿ ಅವಳ ಮಗಳು ಹಿತ್ತಿಲಲ್ಲಿ ಕೂತು ಮಗ್ಗಿ ಬರೆಯುವುದನ್ನು ನಾನೂ ಎಷ್ಟೋ ಸಲ ಕಂಡಿದ್ದೆ. ಆ ಊರಿನವರಿಗೆ ಅದು ದೀಪ ಹಚ್ಚಿದಷ್ಟೇ ಸಹಜ. ಅದನ್ನು ಮಾತಿನ ಚಮತ್ಕಾರ ಎನ್ನಬೇಕೆಂದು ಅಲ್ಲಿ ಯಾರಿಗೆ ತಾನೇ ಹೊಳೆದೀತು?

"ಅವರು ಬರೀ ಸೂರ್ಯಾಸ್ತದ ಕೆಂಪಿಗೆ ಬೆಂಕಿ ಅಂದಿದ್ದು, ತಂಗಿ," ಎಂದೆ. "ಅತಿಶಯೋಕ್ತಿ ಕೇಳಿದ್ದು."

ಅವಳ ನಗು ಒಮ್ಮೆಲೇ ಹೋಗಲಿಲ್ಲ. ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಬರೀ ಎಲೆ ಅಲ್ಲ ಉಸ್ತಾನಿ. ತಂಬಾಕಿತ್ತು. ನಾನು ದಿನಾ ನೋಡ್ತೀನಲ್ಲ."

ಫಲಿತಾಂಶದಲ್ಲಿ ಅವಳ ನಂಬರು ಇರಲಿಲ್ಲ. ಲೈನ್ ಮನೆ ಬಿಡಲು ಕಾರ್ಖಾನೆಯವರು ಒಂದು ತಿಂಗಳ ಗಡುವು ಕೊಟ್ಟರು.

ನಾನು ಸುಮ್ಮನಿರುವ ಜಾತಿಯವಳಲ್ಲ. ಕನ್ನಡ ಪತ್ರಿಕೆಗಳ ಮೌಲ್ಯಮಾಪನಕ್ಕೆ ಪ್ರತಿವರ್ಷ ಹೋಗುತ್ತಿದ್ದ ನಿವೃತ್ತ ಪಂಡಿತರೊಬ್ಬರು ತುಂಗೆಯ ಕಡೆಯ ಬೀದಿಯಲ್ಲಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಅವರ ಮನೆಯ ಜಗಲಿಗೆ ಹೋಗಿ ಕೂತೆ. ಪಂಡಿತರು ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು. ಮಜ್ಜಿಗೆ ಕೊಡಿಸಿ ಪೂರ್ತಿ ಕೇಳಿದರು.

"ಅಂಥಾ ಒಂದು ಉತ್ತರ ಇತ್ತು, ನೆನಪಿದೆ," ಎಂದರು. "ನಾವೆಲ್ಲ ನಕ್ಕಿದ್ವಿ. ಯಾರೋ ತಲೆಹರಟೆ ಮಾಡಿದ್ದಾರೆ ಅಂತ."

"ನೀವು ಒಂದ್ಸಲ ಬಂದು ನೋಡಿ," ಎಂದೆ. ಇಲ್ಲವೆಂದರು. ಮತ್ತೆ ಹೋದೆ. ಕೊನೆಗೆ ಭದ್ರಾವತಿಯಲ್ಲಿ ಅವರ ನೆಂಟರ ಮನೆಯ ನಾಮಕರಣ ಬಂತು; ಅದು ಮುಗಿಸಿಕೊಂಡು ಸಂಜೆ ಸೇತುವೆಗೆ ಬರುತ್ತೇನೆಂದರು.

ಬಂದರು. ನಾನೂ ಅವಳೂ ಮೊದಲೇ ನಿಂತಿದ್ದೆವು. ಅವಳು ನಾಲ್ಕು ಹೆಜ್ಜೆ ಹಿಂದೆ, ಮಗಳ ಕೈ ಹಿಡಿದು. ಸೂರ್ಯ ಮುಳುಗಿದ. ಗುಡ್ಡದ ಅಂಚು ಕಪ್ಪಾಗುತ್ತಾ ಬಂತು. ಆಮೇಲೆ ದಂಡೆಯ ಮೇಲೆ ಬಂಡಿ ವಾಲಿತು, ಕಿಟ್ಟ ಸುರಿಯಿತು. ಮೋಡದ ಹೊಟ್ಟೆಯವರೆಗೆ ಕೆಂಪು ಹತ್ತಿತು. ಕೆಂಡ ಇಳಿಜಾರಿನಲ್ಲಿ ಹರಿದು ನೀರು ಮುಟ್ಟಿತು, ಬಿಳಿಯ ಹಬೆ ಎದ್ದಿತು. ಪಂಡಿತರ ಪಂಚೆಯೂ ಮುಖವೂ ಕೆಂಪಾದವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟು ಹತ್ರ ಇದ್ದು ನಾನು ಇದನ್ನ ನೋಡಿರ್ಲಿಲ್ಲ," ಎಂದರು.

ಗೆದ್ದೆವು ಎಂದುಕೊಂಡೆ.

"ಆ ವಾಕ್ಯ ಬರೆದವನು ನಾನೇ, ಅಮ್ಮ," ಎಂದರು ಪಂಡಿತರು. "ಪರೀಕ್ಷೆಗೆ ಅಂತ್ಲೇ ಬರೆದದ್ದು. ತುಂಗೆ ದಡದಲ್ಲಿ ಕೂತಿದ್ದೆ. ಒಂದು ಸಾಧಾರಣ ಸಂಜೆ. ಬೆಂಕಿ ಇರ್ಲಿಲ್ಲ, ಕೆಂಡ ಇರ್ಲಿಲ್ಲ. ಇಲ್ಲದ್ದನ್ನ ಹೇಳಿದೆ. ಹಾಗಾಗಿ ಅದು ಅತಿಶಯೋಕ್ತಿನೇ."

"ಅದು ಅವಳಿಗೆ ಹ್ಯಾಗೆ ಗೊತ್ತಾಗ್ಬೇಕಿತ್ತು?"

"ಗೊತ್ತಾಗೋ ದಾರಿ ಇರ್ಲಿಲ್ಲ."

"ಹಾಗಾದ್ರೆ?"

"ಹಾಗಾದ್ರೂ ಅಷ್ಟೇ, ತಾಯಿ. ಫಲಿತಾಂಶ ಆಗಿಹೋಗಿದೆ. ಆಗದೆ ಇದ್ರೂ ನಾನು ಇದಕ್ಕೆ ಅಂಕ ಕೊಡ್ತಿರ್ಲಿಲ್ಲ. ವಾಕ್ಯ ಬರೆದವನ ಊರಿಂದ ಅದರ ಅಲಂಕಾರ ಹೇಳ್ಬೇಕು. ಓದಿದವರ ಊರಿಂದ ಹೇಳ್ತಾ ಹೋದ್ರೆ ಪರೀಕ್ಷೆ ನಡೆಯೋದು ಹ್ಯಾಗೆ?"

ಅವರು ಹೇಳಿದ್ದು ಸರಿಯಿತ್ತು. ಅವಳು ಬರೆದದ್ದೂ ಸರಿಯಿತ್ತು. ಕಂಡದ್ದನ್ನು ನೋಡಿ ಹೇಳು ಎಂದು ನಾನು ಕಲಿಸಿದ್ದು ತಪ್ಪು ಎಂದು ಈಗಲೂ ನಾನು ಒಪ್ಪುವುದಿಲ್ಲ. ಮೂವರೂ ಸರಿಯಿದ್ದು ಒಬ್ಬಳು ಬೀದಿಗೆ ಬಿದ್ದರೆ ಯಾರ ಹತ್ತಿರ ಹೋಗಿ ಕೇಳುವುದು? ದುಃಖಕ್ಕಿಂತ ಹೆಚ್ಚಾಗಿ ಕೈಲಾಗದ ಸಿಟ್ಟು ಬಂತು, ಅದು ಇಂದಿಗೂ ಹೋಗಿಲ್ಲ.

ಪಂಡಿತರು ಅವಳ ಕಡೆ ತಿರುಗಿ ಕೈಮುಗಿದರು. "ಚೆನ್ನಾಗಿ ಬರೆದಿದ್ದಿರಿ," ಎಂದರು. ಅವಳೂ ತಲೆಬಾಗಿದಳು. ದಂಡೆಯ ಕೆಂಡ ಕಪ್ಪಾಗುವವರೆಗೆ ನಿಂತಿದ್ದು ಅವರು ಸ್ಟೇಶನ್ನಿಗೆ ಹೋದರು.

ಲೈನ್ ಮನೆ ಬಿಡುವ ದಿನ ನಾನು ರಜೆ ಹಾಕಿ ಹೋದೆ. ಮಾಮು ಬಂದಿದ್ದರು, ಮಾತು ಕಡಿಮೆಯ ಮನುಷ್ಯ. ಟ್ರಂಕು, ಹಾಸಿಗೆ ಸುರುಳಿ, ಅನ್ನ ಬೇಯಿಸುವ ಒಂದು ಕೊಳದಪ್ಪಲೆ. ಸ್ಲೇಟನ್ನು ಮಗಳು ಎದೆಗೆ ಒತ್ತಿ ಹಿಡಿದಿತ್ತು. ಅದನ್ನು ಟ್ರಂಕಿನಲ್ಲಿ ಹಾಕು ಎಂದರೆ ಒಪ್ಪಲಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ಅವಳು ಕೇಳಿದಳು. "ನಾನು ತಪ್ಪು ಬರೆದ್ನಾ, ಉಸ್ತಾನಿ?"

"ಇಲ್ಲ."

"ಮತ್ಯಾಕೆ ಹೀಗಾಯ್ತು?"

ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕಟ್ಟು ಎನ್ನಬಹುದಿತ್ತು. ತುಮಕೂರಿನ ಆ ಮನೆಯಲ್ಲಿ ಪುಸ್ತಕ ಹಿಡಿಯಲು ಯಾರು ಬಿಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ರೈಲು ಬಂತು. ಹತ್ತಿ ಕಿಟಕಿಯ ಬಳಿ ಕೂತು ಅವಳು ಎರಡು ಕೈಗಳನ್ನು ಹೊರಗೆ ಚಾಚಿ, ಹೊಳೆಯ ದಂಡೆಯಲ್ಲಿ ಅಂದು ಮಾಡಿದ ಹಾಗೆಯೇ ಬೆರಳು ಸುತ್ತಿ ತೋರಿಸಿದಳು.

"ಬೇಜಾರು ಮಾಡ್ಕೋಬೇಡಿ ಉಸ್ತಾನಿ. ಇನ್ನು ದಿನಾ ಅಲಂಕಾರಾನೇ ಕಟ್ತೀನಿ," ಎಂದಳು. ನಗಿಸಲೆಂದೇ ಹೇಳಿದ್ದು. ನಾನು ನಕ್ಕೆ. ರೈಲು ಹೊರಟ ಮೇಲೆ ಬೆಂಚಿನ ಮೇಲೆ ಕೂತು ಅತ್ತೆ.

ಓಲ್ಡ್ ಟೌನ್ ಶಾಲೆಯ ಆ ಜಾಗ ಬಹಳ ಕಾಲ ಖಾಲಿಯೇ ಇತ್ತು. ಆ ವಾಕ್ಯ ಮಾತ್ರ ಮಾದರಿ ಪ್ರಶ್ನೆಗಳ ಸಾಲಿಗೆ ಸೇರಿಕೊಂಡಿತು. ಪ್ರತಿವರ್ಷ ನನ್ನ ಕ್ಲಾಸಿನಲ್ಲಿ ಬರುತ್ತದೆ. ಆಕಾಶಕ್ಕೆ ಬೆಂಕಿ ಹತ್ತುವುದನ್ನು ಕಂಡೇ ಇಲ್ಲದ ಹುಡುಗಿಯರು ಅತಿಶಯೋಕ್ತಿ ಎಂದು ಬರೆದು ತರುತ್ತಾರೆ. ನಾನು ಕೆಂಪು ಪೆನ್ಸಿಲಿನಲ್ಲಿ ಸರಿ ಗುರುತು ಹಾಕುತ್ತೇನೆ. ಮೊದಮೊದಲು ಕೈ ಸ್ವಲ್ಪ ತಡೆಯುತ್ತಿತ್ತು. ಈಗ ತಡೆಯುವುದಿಲ್ಲ.